ಹಲ್ಲು ಕೀಳಿಸುವಾಗ ತಲೆಸುತ್ತಿ ಬಂದರೆ ಅದು ಹಾರ್ಟ್ ಅಟ್ಯಾಕಾ?

‘ಹಲ್ಲಿಗೆ ಕೊಡುವ ಇಂಜೆಕ್ಷನ್‌ನಿಂದ ಹಾರ್ಟ್ ನಿಂತುಹೋಗುತ್ತದೆ, ಬಿಪಿ ಇದ್ದವರು ಹಲ್ಲು ಕೀಳಿಸಲೇಬೇಡಿ’ ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿದರೆ ಕೀವು ತುಂಬಿದ ಹಲ್ಲು ಬಾಯಲ್ಲೇ ಉಳಿಯುತ್ತದೆ. ಹಾಗಾಗಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಿಜಕ್ಕೂ ಏನಾಗಬಹುದು ಎಂದು ನೋಡೋಣ.

ಅಲ್ಲಿ ಅತಿ ಹೆಚ್ಚಾಗಿ ಕಾಣುವುದು ಹೃದಯಾಘಾತವಲ್ಲ, ತಲೆಸುತ್ತು. ಸೂಜಿಯ ಭಯಕ್ಕೆ ನಾಡಿ ನಿಧಾನವಾಗಿ, ಬಿಪಿ ಇಳಿದು, ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಮುಖ ಬಿಳಿಚುತ್ತದೆ, ಬೆವರುತ್ತದೆ, ಕಣ್ಣು ಕತ್ತಲಿಡುತ್ತದೆ. ಕುರ್ಚಿಯನ್ನು ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ಜೊತೆಗೆ ಬಂದವರು ಗಾಬರಿಯಲ್ಲಿ ಎತ್ತಿ ಕೂರಿಸಬಾರದು, ಬಾಯಿಗೆ ನೀರು ಹಾಕಲೇಬಾರದು. ಪ್ರಜ್ಞೆ ಇಲ್ಲದಾಗ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ಇಂಜೆಕ್ಷನ್ ವಿಷಯ. ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಅದರಲ್ಲಿ ಸಾಮಾನ್ಯವಾಗಿ ಚೂರು ಅಡ್ರಿನಲಿನ್ ಇರುತ್ತದೆ. 1:80,000 ಪ್ರಮಾಣದ 2 ಎಂಎಲ್ ಮದ್ದಿನಲ್ಲಿರುವುದು 25 ಮೈಕ್ರೋಗ್ರಾಂ. ತೀವ್ರ ಅಲರ್ಜಿಯಾದ ದೊಡ್ಡವರ ಜೀವ ಉಳಿಸಲು ತೊಡೆಗೆ ಕೊಡುವುದು 500 ಮೈಕ್ರೋಗ್ರಾಂ, ಅಂದರೆ 20 ಪಟ್ಟು. ಕೆಲವರಿಗೆ ಸ್ವಲ್ಪ ಹೊತ್ತು ಎದೆ ಡವಡವ ಅನ್ನಬಹುದು. ಹೃದಯದ ಕಾಯಿಲೆ, ಬಿಪಿ ಇದ್ದರೆ ಮೊದಲೇ ಹೇಳಿ, ಡಾಕ್ಟರು ಪ್ರಮಾಣ ನೋಡಿ ಕೊಡುತ್ತಾರೆ.

ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಖಾಲಿ ಹೊಟ್ಟೆ. ಮಳವಳ್ಳಿ ಕಡೆಯ ಹಳ್ಳಿಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಮಂಡ್ಯಕ್ಕೆ ಬರುವವರೊಬ್ಬರನ್ನು ನೆನೆಸಿಕೊಳ್ಳಿ. ಶುಗರ್ ಮಾತ್ರೆ ನುಂಗಿದ್ದಾರೆ, ‘ಹಲ್ಲು ಕೀಳಿಸೋಕೆ ಏನೂ ತಿನ್ನಬಾರದಂತೆ’ ಎಂದು ತಿಂಡಿ ಬಿಟ್ಟಿದ್ದಾರೆ. ಉಪವಾಸ ಬೇಕಿರುವುದು ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆಗೆ, ಒಸಡಿಗೆ ಕೊಡುವ ಇಂಜೆಕ್ಷನ್‌ಗಲ್ಲ. ಸರದಿ ಬರುವ ಹೊತ್ತಿಗೆ ಕೈ ನಡುಕ, ಬೆವರು, ತೊದಲು ಮಾತು. ಸಕ್ಕರೆ ನಾಡಿಗೆ ಬಂದು ಸಕ್ಕರೆ ಕಡಿಮೆಯಾಗಿ ಬೀಳುವುದೆಂದರೆ! ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಶುಗರ್ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಬೇಡ. ತಿಂಡಿ ತಿಂದೇ ಹೊರಡಿ. ಹಲ್ಲುನೋವಿನಲ್ಲಿ ಮದ್ದೂರು ವಡೆ ಅಗಿಯುವುದು ಕಷ್ಟ, ಇಡ್ಲಿ ಸಾಕು.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹಲ್ಲಿನ ಗುಳಿಯ ರಕ್ತವನ್ನು ಹತ್ತಿ ಕಚ್ಚಿಸಿ, ಹೊಲಿಗೆ ಹಾಕಿ ನಿಲ್ಲಿಸಬಹುದು; ಸ್ಟೆಂಟಿನಲ್ಲಿ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್ಪನ್ನೇ ಜೇಬಿಗೆ ಹಾಕಿಕೊಂಡು ಹೋಗಿ.

ಹಾಗಾದರೆ ಹಾರ್ಟ್ ಅಟ್ಯಾಕ್ ಆಗುವುದೇ ಇಲ್ಲವೇ? ಅಪರೂಪಕ್ಕೆ ಆಗಬಹುದು. ಅದಕ್ಕಿಂತ ಮೋಸದ ಸಂಗತಿ, ಹೃದಯದ ನೋವೇ ಕೆಲವೊಮ್ಮೆ ಹಲ್ಲುನೋವಿನ ವೇಷದಲ್ಲಿ ಬರುವುದು. ಕೆಳದವಡೆ ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚಾಗಿ ಕೂತರೆ ಇಳಿಯುತ್ತಿದ್ದರೆ ಹಲ್ಲಿಗಿಂತ ಮೊದಲು ಇಸಿಜಿ ಆಗಲಿ. ಕುರ್ಚಿಯಲ್ಲೇ ಎದೆ ಹಿಂಡಿದಂತಾಗಿ ಬೆವರು, ಉಸಿರುಗಟ್ಟುವಿಕೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಮಳವಳ್ಳಿಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆ ದೂರ, ‘ಗ್ಯಾಸ್ ಇರಬೇಕು’ ಎಂದು ಕಾಯುವ ಹೊತ್ತಲ್ಲ ಅದು. ಉಸಿರು ನಿಂತರೆ ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ.ನಷ್ಟು ಆಳಕ್ಕೆ ಒತ್ತುತ್ತಿರಬೇಕು.