ಮೈಕ್‌ಸೆಟ್ಟಿನಿಂದ ಹೋಂ ಥಿಯೇಟರಿಗೆ

ಹೊನ್ನವಳ್ಳಿ ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಆ ಪಟ್ಟ ತಿಪಟೂರಿಗೆ ಹೋಯಿತು. ಊರಿಗೆ ಉಳಿದದ್ದು ಹೋಬಳಿಯ ಹೆಸರು ಮತ್ತು ಹಳೆಯ ಗೆಜೆಟಿಯರ್ ಮೆಚ್ಚಿ ಬರೆದ 'ಗಂಗಾಪಾಣಿ' ತೆಂಗು. ಇಂಥ ಊರಿನ ಇತಿಹಾಸವನ್ನು ಶಾಸನಗಳಿಂದ ಬರೆಯಬಹುದು, ಕೊಬ್ಬರಿ ಧಾರಣೆಯಿಂದಲೂ ಬರೆಯಬಹುದು. ನಾವಿಲ್ಲಿ ಅದರ ಒಂದು ತುಣುಕನ್ನು ಸದ್ದಿನಿಂದ ಬರೆಯಲು ಹೊರಟಿದ್ದೇವೆ. ಕಾರಣವಿದೆ. ಈ ಸೀಮೆಯಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ಹೋಂ ಥಿಯೇಟರ್ ಮನೆಗೆ ಬರುತ್ತದೆ. ಅದನ್ನು ಆರಿಸಿ ಜೋಡಿಸುವ ವಿದ್ಯೆ ಬಲ್ಲ ಮೈಕ್‌ಸೆಟ್ಟಿನವರು ಮಾತ್ರ ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ.

ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿದಾಗ ಮೈಕು ಎಂಬುದೇ ಇರಲಿಲ್ಲ. ನಟನ ಕಂಠ ಕಡೆಯ ಸಾಲಿಗೆ ತಲುಪಬೇಕಿತ್ತು, ಅಷ್ಟೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಕಾಗದದ ಕೋನಿಗೆ ತಂತಿಯ ಸುರುಳಿ ಅಂಟಿಸಿ ಅಯಸ್ಕಾಂತದ ನಡುವೆ ಕುಣಿಸುವ ಸ್ಪೀಕರಿನ ಬಗ್ಗೆ ಪ್ರಬಂಧ ಮಂಡಿಸಿದರು. ಇಂದು ನಮ್ಮ ಹಜಾರದಲ್ಲಿರುವುದು ಅದರದೇ ಸಂತಾನ. 1934ರಲ್ಲಿ 'ಸತಿ ಸುಲೋಚನ'ದೊಂದಿಗೆ ಕನ್ನಡ ಪರದೆ ಮಾತಾಡಿತು. ದೆಹಲಿಯ ಅಹುಜಾ ಕಂಪನಿ 1940ರಲ್ಲಿ ಶುರುವಾಯಿತು. ಮುಂದೆ ಹಳ್ಳಿಗಾಡಿನಲ್ಲಿ ಆಂಪ್ಲಿಫೈಯರ್ ಎಂದರೆ ಅಹುಜಾ ಎನ್ನುವಂತಾಯಿತು.

ನಾವು ಬಲ್ಲ ಮೈಕ್‌ಸೆಟ್ ಅಂಗಡಿಗಳಲ್ಲಿ ಹಲವು ಸಾಬರವೇ. ಅದೇ ಹಾರ್ನು ಜಾತ್ರೆಗೂ ಹೋಗುತ್ತಿತ್ತು, ಉರುಸಿಗೂ ಹೋಗುತ್ತಿತ್ತು. ಗಣಪತಿ ಪೆಂಡಾಲು, ಮದುವೆ ಚಪ್ಪರ, ಚುನಾವಣೆಯ ಜೀಪು, ಎಲ್ಲಕ್ಕೂ ಅದೇ. ಮಸೀದಿಯೊಳಗೆ ಬರುವಾಗ ಮಾತ್ರ ಅದು ಹೊಸ್ತಿಲಲ್ಲಿ ತಡೆದು ನಿಂತಿತು. ನಮಾಜಿನಲ್ಲಿ ಧ್ವನಿವರ್ಧಕ ಸಲ್ಲುವುದೇ ಎಂದು ಉಲಮಾಗಳು ಬಹಳ ಕಾಲ ಚರ್ಚಿಸಿದರು. ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ಉರ್ದುವಿನಲ್ಲಿ ಈ ಬಗ್ಗೆ ವಿವರವಾಗಿ ಬರೆದರು. ಯಂತ್ರದಿಂದ ಬರುವುದು ಇಮಾಮರ ದನಿಯೇ ಅಥವಾ ಅದರ ಪ್ರತಿಧ್ವನಿಯೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ನಗುವವರು ನಗಲಿ, ಸ್ಪೀಕರ್ ಕೊಳ್ಳಲು ಹೊರಟವರೂ ಮೊದಲು ಕೇಳಬೇಕಾದ ಪ್ರಶ್ನೆ ಹೆಚ್ಚುಕಡಿಮೆ ಇದೇ.

ಮೈಕ್‌ಸೆಟ್ಟಿನವರ ಲೆಕ್ಕ ಸಾಮಾನ್ಯದ್ದಲ್ಲ. ಆಂಪ್ಲಿಫೈಯರಿನ ಬೆನ್ನಿಗೆ 4, 8, 16 ಓಮ್ ಎಂದು ಬರೆದ ತಿರುಪುಗಳಿರುತ್ತವೆ, ಪಕ್ಕದಲ್ಲಿ 100 ವೋಲ್ಟ್ ಎಂದೊಂದು. ಹಾರ್ನಿನ ಯೂನಿಟ್ಟು ಸಾಮಾನ್ಯವಾಗಿ 16 ಓಮ್. ಎರಡನ್ನು ಸಮಾಂತರವಾಗಿ ಕಟ್ಟಿದರೆ 8, ನಾಲ್ಕು ಕಟ್ಟಿದರೆ 4. ಅದಕ್ಕೂ ಕೆಳಗಿಳಿದರೆ ಸೆಟ್ಟು ಕಾಯುತ್ತದೆ, ಕೊನೆಗೆ ಸುಡುತ್ತದೆ. ತೆಂಗಿನ ಮರದಿಂದ ಮರಕ್ಕೆ ಬಹುದೂರ ತಂತಿ ಎಳೆಯಬೇಕಾದಾಗ 100 ವೋಲ್ಟಿನ ತಿರುಪಿಗೆ ಕೊಟ್ಟು, ಪ್ರತಿ ಹಾರ್ನಿನ ಬಳಿ ಟ್ರಾನ್ಸ್‌ಫಾರ್ಮರ್ ಹಾಕುತ್ತಿದ್ದರು. ವೋಲ್ಟ್ ಹೆಚ್ಚಿದಷ್ಟೂ ಕರೆಂಟು ಕಡಿಮೆ, ದಾರಿಯಲ್ಲಿ ಪೋಲಾಗುವುದೂ ಕಡಿಮೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು ಇದನ್ನು ಬೆರಳಲ್ಲೇ ಎಣಿಸಿ ಹೇಳುತ್ತಿದ್ದರು.

ಮನೆಯೊಳಗೆ ಸದ್ದು ನಿಧಾನವಾಗಿ ಬಂತು. ಮೊದಲು ಪಂಚಾಯ್ತಿ ರೇಡಿಯೋ. ಆಮೇಲೆ ಸ್ವಂತ ರೇಡಿಯೋ. ಅದಕ್ಕೆ 1980ರ ದಶಕದ ನಡುಭಾಗದವರೆಗೂ ಲೈಸನ್ಸ್ ಬೇಕಿತ್ತು. ಕ್ಯಾಸೆಟ್ ಬಂದ ಮೇಲೆ ಹುಡುಗರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, 3055 ಟ್ರಾನ್ಸಿಸ್ಟರ್ ಬೆಸೆದು, ತಾವೇ ಆಂಪ್ಲಿಫೈಯರ್ ಕಟ್ಟಿದರು. ಪೆಟ್ಟಿಗೆಗೆ ಕಾಸಿಲ್ಲದವರು ಸ್ಪೀಕರನ್ನು ಮಡಕೆಯ ಬಾಯಿಗೆ ಕೂರಿಸಿದರು. ಇದು ಬಡತನದ ತಮಾಷೆಯಲ್ಲ. ಕೋನಿನ ಬೆನ್ನಿನಿಂದ ಹೊರಡುವ ಅಲೆ ಮುಂದಿನ ಅಲೆಗೆ ತದ್ವಿರುದ್ಧ; ಅದನ್ನು ಮುಚ್ಚಿ ಹಾಕದಿದ್ದರೆ ಎರಡೂ ಕೂಡಿ ತಬಲದ ಡಗ್ಗಾ ಸದ್ದೇ ಮಾಯ. ಮಡಕೆ ಆ ಕೆಲಸವನ್ನು ಮಾಡುತ್ತಿತ್ತು.

ಡಾಲ್ಬಿ ಡಿಜಿಟಲ್ 1992ರಲ್ಲಿ ಚಿತ್ರಮಂದಿರಕ್ಕೂ, ಡಿವಿಡಿ 1996ರಲ್ಲಿ ಜಪಾನಿನ ಮಾರುಕಟ್ಟೆಗೂ ಬಂದವು. 5.1 ಎಂಬ ಅಂಕಿ ಮನೆಮಾತಾಯಿತು: ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆ ಒಂದು ಸಬ್‌ವೂಫರ್. ಇದರ ಜೊತೆಗೇ ಒಂದು ಮೋಸವೂ ಬಂತು. ಡಬ್ಬಿಯ ಮೇಲೆ 'ಪಿಎಂಪಿಒ' ಎಂದು ಸಾವಿರಗಟ್ಟಲೆ ವಾಟ್ಸ್ ಬರೆಯುವುದು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ. ಸೆಟ್ಟು ಎಡೆಬಿಡದೆ ಕೊಡಬಲ್ಲದ್ದು 'ಆರ್‌ಎಂಎಸ್' ಎಂದು ಬರೆದಷ್ಟೇ. ಅಲ್ಲದೆ ವಾಟ್ಸ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್, ಕಿವಿಗೆ ಅಷ್ಟಿಷ್ಟು ಗೊತ್ತಾದೀತು. ಅಂಗಡಿಯವನು ಎಷ್ಟು ವಾಟ್ಸ್ ಬೇಕೆಂದು ಕೇಳಿದರೆ, ಮೈಕ್‌ಸೆಟ್ಟಿನ ಸಾಬರು ಹಜಾರ ಎಷ್ಟಡಿ, ಮೇಲೆ ಅಟ್ಟವೋ ಆರ್‌ಸಿಸಿಯೋ ಎಂದು ಕೇಳುತ್ತಾರೆ. ಉಂಡೆಕೊಬ್ಬರಿಗೆಂದು ತಿಂಗಳುಗಟ್ಟಲೆ ಕಾಯಿ ಒಟ್ಟಿದ ಹಳೆಯ ಅಟ್ಟದ ಕೆಳಗೆ ಸದ್ದು ಚದುರಿ ಮೆತ್ತಗಾಗುತ್ತದೆ. ಆರ್‌ಸಿಸಿ ಮನೆಯ ನುಣುಪು ಗೋಡೆಯಿಂದ ಗೋಡೆಗೆ ಅದು ಚೆಂಡಿನಂತೆ ಪುಟಿಯುತ್ತದೆ. ಅಲ್ಲಿ ಹೊಸ ಸ್ಪೀಕರಿಗಿಂತ ದಪ್ಪ ಪರದೆ, ಜಮಖಾನ ಹೆಚ್ಚು ಕೆಲಸ ಮಾಡುತ್ತವೆ.

ಆ ಸಾಬರು ಒಮ್ಮೆ ಹತ್ತಿರದ ಹಳ್ಳಿಯ ಗೌಡರೊಬ್ಬರ ಮನೆಗೆ ಸೆಟ್ಟು ಜೋಡಿಸಲು ಹೋದಾಗ ನಾವೂ ಜೊತೆಗಿದ್ದೆವು. ಮಗ ದೊಡ್ಡ ಡಬ್ಬಿಯನ್ನೇ ತಂದಿದ್ದ. ಗೌಡರಿಗೆ ಎಂಬತ್ತರ ಹತ್ತಿರ, ಕಿವಿ ಮಂದ.

"ಸಾಬ್ರೇ, ಗುಡುಗು ಸಿಡ್ಲು ಚೆನ್ನಾಗೇ ಕೇಳ್ತದೆ. ರಾಜ್‌ಕುಮಾರ್ ಏನಂತಾನೆ ಅಂತ್ಲೇ ತಿಳಿಯಲ್ಲ."

"ಅದು ನಡುವಿಂದರ ಕೆಲ್ಸ, ಗೌಡ್ರೇ. ನೋಡಿ, ಟೀವಿ ಹಿಂದೆ ಅವಿಸಿಟ್ಟವ್ರೆ."

ಸಿನಿಮಾದ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಅದನ್ನು ತೆಗೆದು ಟೀವಿಯ ಕೆಳಗೆ, ಗೌಡರ ಕುರ್ಚಿಯತ್ತ ಮುಖ ಮಾಡಿಸಿದರು. ಒಂದು ಸ್ಪೀಕರಿಗೆ ಕೆಂಪು-ಕಪ್ಪು ತಂತಿ ಅದಲುಬದಲಾಗಿತ್ತು. ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದರೆ ಸದ್ದು ತೆಳುವಾಗುತ್ತದೆ, ಅದನ್ನು ಸರಿಪಡಿಸಿದರು. ಸಬ್‌ವೂಫರನ್ನು ಪಕ್ಕದ ಮನೆಯ ಗೋಡೆಯಿಂದ ಈಚೆಗೆಳೆದು ತಗ್ಗಿಸಿದರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಅವರ ದಂಧೆಗೇ ಪೆಟ್ಟು ಬಿದ್ದಿತ್ತು; ಆದರೂ ನೆರೆಯವರ ನಿದ್ದೆಯ ಬಗ್ಗೆ ಅವರದು ಬಿಗಿ ನಿಲುವು.

ಗೌಡರ ಕುರ್ಚಿ ಹಿಂಗೋಡೆಗೇ ಒರಗಿತ್ತು, ಹಿಂದಿನ ಜೋಡಿಗೆ ಜಾಗವಿರಲಿಲ್ಲ. ಸೆಟ್ಟಿನ ಮೆನುವಿನಲ್ಲಿ ಅವು ಇಲ್ಲವೆಂದು ತಿಳಿಸಿ, ಅವುಗಳ ಪಾಲಿನ ಸದ್ದನ್ನೂ ಮುಂದಕ್ಕೇ ತಿರುಗಿಸಿದರು. ಮಗನಿಗೆ ಕಾಸು ದಂಡವಾಯಿತೆಂಬ ಬೇಸರ. ಗೌಡರು ಆ ಸಂಜೆ ಇಡೀ ಸಿನಿಮಾ ಕೂತು ನೋಡಿದರು. ಆ ಎರಡು ಸ್ಪೀಕರುಗಳು ಇನ್ನೂ ಅಟ್ಟದ ಮೇಲೆ, ಕಾಯಿಗಳ ನಡುವೆ, ರಟ್ಟಿನ ಡಬ್ಬಿಯಲ್ಲೇ ಇವೆ.