'ಅನ್‌ವಾರಂಟೆಡ್' ಎಂದರೆ ಸುಳ್ಳು ಎಂದರ್ಥವೇ? ಪದದ ಅರ್ಥ ಮತ್ತು ಬಳಕೆ

ಇಂಗ್ಲಿಷ್ ಆರೋಗ್ಯ ಸುದ್ದಿಗಳಲ್ಲಿ 'ಅನ್‌ವಾರಂಟೆಡ್' ಎಂಬ ವಿಶೇಷಣ ಮತ್ತೆ ಮತ್ತೆ ಕಾಣಿಸುತ್ತದೆ. ಭಯ ಅನ್‌ವಾರಂಟೆಡ್, ಚಿಕಿತ್ಸೆ ಅನ್‌ವಾರಂಟೆಡ್, ತೀರ್ಮಾನ ಅನ್‌ವಾರಂಟೆಡ್ ಎಂದು ಓದುತ್ತೇವೆ. ಕನ್ನಡದಲ್ಲಿ ಹೇಳುವಾಗ ಇದು ಕೆಲವೊಮ್ಮೆ 'ಸುಳ್ಳು' ಎಂದು ಬದಲಾಗುತ್ತದೆ. 'ಅನ್‌ವಾಂಟೆಡ್' ಎಂಬ ಪದದ ಜೊತೆ ಬೆರೆತು ಕೆಲವೊಮ್ಮೆ 'ಬೇಡವಾದ' ಎಂದಾಗುತ್ತದೆ. ಎರಡೂ ಸರಿಯಲ್ಲ. ತಕ್ಕ ಕಾರಣ ಅಥವಾ ಆಧಾರ ಇಲ್ಲದ, ಸಮರ್ಥಿಸಿಕೊಳ್ಳಲಾಗದ ಎಂಬುದು ಇದರ ಅರ್ಥ.

ಪದದ ಮೂಲ

'ವಾರಂಟ್' ಹಳೆಯ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದ ಪದ. ರಕ್ಷಕ, ಹೊಣೆ ನಿಲ್ಲುವವನು, ಅಧಿಕಾರ ನೀಡುವ ಆಧಾರ ಎಂಬ ಅರ್ಥಗಳು ಅದಕ್ಕಿದ್ದವು. ನಾವು ಮಿಕ್ಸಿ ಕೊಳ್ಳುವಾಗ ಕೇಳುವ ವಾರಂಟಿ, ಗ್ಯಾರಂಟಿ ಎರಡೂ ಇದೇ ಬೇರಿನವು. ಉತ್ತರ ಫ್ರಾನ್ಸ್‌ನ ಉಪಭಾಷೆಯಲ್ಲಿ 'ವ' ಇದ್ದ ಕಡೆ ಉಳಿದ ಫ್ರೆಂಚ್‌ನಲ್ಲಿ 'ಗ' ಇರುತ್ತಿತ್ತು. ಹೀಗಾಗಿ ಇಂಗ್ಲಿಷ್‌ಗೆ ಎರಡೂ ರೂಪಗಳು ಸಿಕ್ಕವು. ಬೆನ್ನಿಗೆ ಅಂಥ ಹೊಣೆ, ಆಧಾರ ಇಲ್ಲದಿರುವುದೇ 'ಅನ್‌ವಾರಂಟೆಡ್'.

ಪೊಲೀಸ್ ವಾರಂಟ್‌ಗೂ ಇದಕ್ಕೂ ಸಂಬಂಧವಿದೆಯೇ?

ಮೂಲ ಒಂದೇ, ಬಳಕೆ ಬೇರೆ. ವಾರಂಟ್ ಇಲ್ಲದ ಬಂಧನಕ್ಕೆ ಇಂಗ್ಲಿಷ್‌ನಲ್ಲಿ 'ವಾರಂಟ್‌ಲೆಸ್' ಎನ್ನುತ್ತಾರೆ. ಸಂಜ್ಞೇಯ ಅಪರಾಧಗಳಲ್ಲಿ ನಮ್ಮ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ವಾರಂಟ್ ಇಲ್ಲದ ಬಂಧನ ನ್ಯಾಯವಾದದ್ದೇ ಆಗಿರಬಹುದು. ಕೈಯಲ್ಲಿ ವಾರಂಟ್ ಇದ್ದೂ ಬಂಧನ ಅನ್‌ವಾರಂಟೆಡ್ ಆಗಿರಬಹುದು.

ಸುಳ್ಳಿಗೂ ಇದಕ್ಕೂ ಇರುವ ವ್ಯತ್ಯಾಸ

ಹತ್ತು ಜನ ನೆಗಡಿಗೆ ಕಷಾಯ ಕುಡಿದರು, ವಾರದೊಳಗೆ ಎಲ್ಲರೂ ಗುಣವಾದರು ಎಂದುಕೊಳ್ಳೋಣ. ಇಷ್ಟರಿಂದಲೇ 'ಕಷಾಯ ನೆಗಡಿಯನ್ನು ವಾಸಿ ಮಾಡುತ್ತದೆ' ಎಂದರೆ ಆ ತೀರ್ಮಾನ ಅನ್‌ವಾರಂಟೆಡ್. ಏಕೆಂದರೆ ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಷಾಯ ಕುಡಿಯದವರ ಜೊತೆ ಹೋಲಿಕೆಯೂ ಇಲ್ಲಿಲ್ಲ. ಕಷಾಯ ನಿಷ್ಪ್ರಯೋಜಕ ಎಂದು ಇದರಿಂದ ಸಾಬೀತಾಗಲಿಲ್ಲ. ಈ ಸಾಕ್ಷ್ಯ ಆ ಮಾತಿಗೆ ಸಾಲದು ಎಂದಷ್ಟೇ ಆಯಿತು. ಈ ಪದ ಅಳೆಯುವುದು ಮಾತಿಗಿರುವ ಆಧಾರವನ್ನು.

ಆರೋಗ್ಯದ ವಿಷಯದಲ್ಲಿ ಏಕೆ ಮುಖ್ಯ?

ನೆಗಡಿ ವೈರಸ್‌ನಿಂದ ಬರುತ್ತದೆ, ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಹಾಗಾಗಿ ನೆಗಡಿಗೆ ಆಂಟಿಬಯೋಟಿಕ್ ಅನ್‌ವಾರಂಟೆಡ್. ಇದನ್ನು 'ಆಂಟಿಬಯೋಟಿಕ್ ಕೆಟ್ಟದ್ದು' ಎಂದು ಓದಿಕೊಂಡರೆ ಅಪಾಯ. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ಅದೇ ಔಷಧ ಜೀವ ಉಳಿಸುತ್ತದೆ. ಮಾತ್ರೆ ಅದೇ, ಅದನ್ನು ಕೊಡಲು ಇರುವ ಕಾರಣ ಬೇರೆ.

ವೈದ್ಯಕೀಯದಲ್ಲಿ 'ಅನ್‌ವಾರಂಟೆಡ್ ವೇರಿಯೇಷನ್' ಎಂಬ ಪರಿಭಾಷೆಯೂ ಇದೆ. ಅಮೆರಿಕದ ಜಾನ್ ವೆನ್‌ಬರ್ಗ್ ಮತ್ತು ಅಲನ್ ಗಿಟೆಲ್‌ಸೋನ್ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರ್ಮಾಂಟ್ ರಾಜ್ಯದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ರಾಜ್ಯದೊಳಗೆ ಟಾನ್ಸಿಲ್ ತೆಗೆಯುವ ಶಸ್ತ್ರಚಿಕಿತ್ಸೆಯ ಪ್ರಮಾಣ ಊರಿಂದ ಊರಿಗೆ ಹತ್ತು ಪಟ್ಟಿಗೂ ಹೆಚ್ಚು ಬದಲಾಗುತ್ತಿತ್ತು. ರೋಗದ ಪ್ರಮಾಣದಿಂದಾಗಲಿ, ರೋಗಿಯ ಇಚ್ಛೆಯಿಂದಾಗಲಿ ವಿವರಿಸಲಾಗದ ಇಂಥ ವ್ಯತ್ಯಾಸಕ್ಕೆ ಈ ಹೆಸರು. ಶಸ್ತ್ರಚಿಕಿತ್ಸೆಯೇ ತಪ್ಪು ಎಂದು ಇದರ ಅರ್ಥವಲ್ಲ.

ಕನ್ನಡದಲ್ಲಿ ಏನೆನ್ನಬಹುದು?

ಎಲ್ಲ ಕಡೆ ಹೊಂದುವ ಒಂದೇ ಪದ ಇಲ್ಲ. ಸಂದರ್ಭ ನೋಡಿ ಆರಿಸಿಕೊಳ್ಳಬೇಕು:

- ಆರೋಪ, ಭಯ: ಆಧಾರವಿಲ್ಲದ
- ಟೀಕೆ, ಸಿಟ್ಟು: ಸಕಾರಣವಲ್ಲದ
- ಚಿಕಿತ್ಸೆ, ಪರೀಕ್ಷೆ: ಅಗತ್ಯಕ್ಕೆ ಮೀರಿದ, ಕಾರಣವಿಲ್ಲದ
- ಹಸ್ತಕ್ಷೇಪ, ಪ್ರಭಾವ: ಅನುಚಿತ

ಕೊನೆಯ ಬಳಕೆಗೆ ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1961ರ ಜನವರಿ 17ರ ವಿದಾಯ ಭಾಷಣದಲ್ಲಿ, ಸೇನೆ ಮತ್ತು ಶಸ್ತ್ರೋದ್ಯಮದ ಕೂಟ ಸರ್ಕಾರದ ಮೇಲೆ ಬೀರಬಹುದಾದ ಪ್ರಭಾವದ ಬಗ್ಗೆ ಎಚ್ಚರಿಸುವಾಗ ಇದೇ ವಿಶೇಷಣ ಬಳಸಿದರು.

ಒಟ್ಟಿನಲ್ಲಿ, ಮುಂದಿನ ಸಲ ಈ ಪದ ಎದುರಾದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವ ಆಧಾರ ಇಲ್ಲವೆಂದು ಹೇಳುತ್ತಿದ್ದಾರೆ? ಸುದ್ದಿಯಲ್ಲಿ ಅದಕ್ಕೆ ಉತ್ತರ ಸಿಗದಿದ್ದರೆ, 'ಅನ್‌ವಾರಂಟೆಡ್' ಎಂಬ ಆ ತೀರ್ಪಿಗೂ ಆಧಾರ ಕೇಳಬೇಕಾಗುತ್ತದೆ. ವೈದ್ಯರು ಬರೆದ ಔಷಧದ ಬಗ್ಗೆ ಅನುಮಾನವಿದ್ದರೆ, ಅದನ್ನು ನಿಲ್ಲಿಸುವ ಮೊದಲು ಅವರನ್ನೇ ಕಾರಣ ಕೇಳಿ.