ಹಗೇವಿನ ಜೋಳ

ನಾರಾಯಣಖೇಡ್, ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಈ ಸೀಮೆಯ ಜೋಳ ಸಂತೆಗೆ ಹೋಗುವ ಮೊದಲು ಹಗೇವಿನಲ್ಲಿರುತ್ತಿತ್ತು. ತೆಲುಗಿನಲ್ಲಿ ಅದು ಪಾತರ. ಗಟ್ಟಿ ನೆಲದಲ್ಲಿ ಕುಣಿ ತೋಡಿ, ತಳಕ್ಕೂ ಸುತ್ತಲೂ ಒಣಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತಿತ್ತು, ಹುಳು ಸಾಯುತ್ತಿತ್ತು.

ಬ್ಯಾಕ್ಟೀರಿಯಾವನ್ನು ತಡೆದದ್ದು ಮಾತ್ರ ಕಾಳಿನ ಒಣತನವೇ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳುಂಟು, ನೀರಿಲ್ಲದೆ ಬೆಳೆಯುವವು ಇಲ್ಲ. ಮಳೆನೀರು ಜಿನುಗಿದರೆ ಅಂಚಿನ ಜೋಳ ಕಪ್ಪಾಗಿ ಹುಳಿನಾತ ಹೊಡೆಯುತ್ತಿತ್ತು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ದೀಪ ಇಳಿಬಿಟ್ಟು, ಆರಿದರೆ ಕಾಯುತ್ತಿದ್ದರು. ಜೀವ ಉಳಿಸಿದ ಜಾಣ್ಮೆ ಅದು.

2022ರಲ್ಲಿ ಭೌಗೋಳಿಕ ಸೂಚಕ ಪಡೆದ ತಾಂಡೂರು ತೊಗರಿ ಇಂದು ಗೋದಾಮಿನ ಚೀಲಗಳಲ್ಲಿದೆ. ಅಲ್ಲಿಯೂ ಮೊದಲು ನೋಡುವುದು ಕಾಳಿನ ತೇವವನ್ನೇ.